ಹಾಜರಿ ಪುಸ್ತಕ ಹೇಳಿದ ಲೆಕ್ಕ

ವಿದೇಶಿ ಅನುದಾನದ ಒಂದು ಸ್ವಉದ್ಯೋಗ ತರಬೇತಿ ಪ್ರಾಜೆಕ್ಟ್ ನನ್ನ ಕೈಲಿತ್ತು. ಅರ್ಜಿ ಬರೆಯುವಾಗ ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಒಂಬತ್ತರ ಚಿತ್ರ ಅಂಟಿಸಿದ್ದೆ. ಗುರಿ ಜಾಸ್ತಿ ಇದ್ದಷ್ಟೂ ಹಣ ಬೇಗ ಬರುತ್ತೆ ಅನ್ನೋ ಲೆಕ್ಕ. ಬಂತು ಕೂಡ.

ಮೊದಲ ವರ್ಷದ ರಿಪೋರ್ಟ್ ನೋಡಿ ಎಲ್ಲರಿಗೂ ಖುಷಿ. ತರಬೇತಿ ಪಡೆದವರ ಸರಾಸರಿ ಆದಾಯ ಏರಿತ್ತು. ಆಮೇಲೊಂದು ದಿನ ಸುಮ್ನೆ ಹಾಜರಿ ಪುಸ್ತಕ ತಿರುವಿದೆ. ಕೂಲಿಗೆ ಹೋಗುವ ಹೆಂಗಸರ ಹೆಸರಿನ ಮುಂದೆ ಮೂರನೇ ವಾರದಿಂದ ಬರೀ ಗೈರುಹಾಜರಿ. ಕೊನೆವರೆಗೆ ಉಳಿದವರು ಮೊದಲೇ ಅಂಗಡಿ ಇದ್ದವರು. ಸರಾಸರಿ ಏರಿದ್ದು ಅವರಿಂದ.

ಆಗ ಗುರಿಗಳನ್ನು ಮೊದಲ ಸಲ ಪೂರ್ತಿ ಓದಿದೆ. 2015ರಲ್ಲಿ ಒಪ್ಪಿಕೊಂಡ ಈ ಪಟ್ಟಿಯಲ್ಲಿ 169 ಉಪಗುರಿಗಳಿವೆ. ನಾನು ನೋಡಿದ್ದು ಚಿತ್ರಗಳನ್ನಷ್ಟೇ! ಉಪಗುರಿ 10.1ರ ಪ್ರಕಾರ, ಆದಾಯದಲ್ಲಿ ಕೆಳಗಿನ ಶೇ. 40ರಷ್ಟು ಜನರ ಆದಾಯ ದೇಶದ ಸರಾಸರಿಗಿಂತ ವೇಗವಾಗಿ ಬೆಳೆಯಬೇಕು. ನಮ್ಮಲ್ಲಿ ಆಗಿದ್ದು ತಿರುಗಾಮುರುಗಾ. ಆದಾಯ, ಲಿಂಗ, ವಯಸ್ಸು, ಅಂಗವೈಕಲ್ಯದ ಪ್ರಕಾರ ಬಿಡಿಸಿದ ಅಂಕಿಅಂಶ ಬೇಕು ಅನ್ನುತ್ತದೆ 17.18. ಎಂಟು ಚಿತ್ರ ಕಿತ್ತುಹಾಕಿ, ಅಸಮಾನತೆ ಕಡಿಮೆ ಮಾಡುವ ಹತ್ತನೇ ಗುರಿಯೊಂದನ್ನೇ ಉಳಿಸಿಕೊಂಡೆ.

ಬಿಟ್ಟುಹೋದವರನ್ನು ಹುಡುಕಿಕೊಂಡು ಹೋಗಿ ಕೇಳಿದೆ. ಒಬ್ಬರು ನಕ್ಕರು: "ಬೆಳಗ್ಗೆ ಹತ್ತಕ್ಕೆ ಕ್ಲಾಸ್ ಇಟ್ಟರೆ ಅವತ್ತಿನ ಕೂಲಿ ಯಾರು ಕೊಡ್ತಾರೆ?" ಸರಿಯೇ ಅಲ್ವಾ? ಸಾಲಕ್ಕೆ ಆಸ್ತಿ ಪತ್ರ ಬೇರೆ ಕೇಳಿದ್ದೆವು, ಅದು ಅವರ ಹತ್ತಿರ ಎಲ್ಲಿಂದ ಬರಬೇಕು? ಕ್ಲಾಸನ್ನು ಸಂಜೆಗೆ ಹಾಕಿದೆವು. ಪತ್ರದ ಬದಲು ಗುಂಪಿನ ಜಾಮೀನು ತಂದೆವು. ಮಕ್ಕಳನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸಿದೆವು.

ಇದಕ್ಕೆ ದುಡ್ಡು ಹೊಂದಿಸುವುದೇ ದೊಡ್ಡ ತಲೆನೋವು. ಅನುದಾನದಲ್ಲಿ ಒಂದು ಬಾಬ್ತಿನ ಹಣ ಇನ್ನೊಂದಕ್ಕೆ ಹಾಕಲು ಹಣ ಕೊಟ್ಟವರ ಅನುಮತಿ ಬೇಕು. ನೆರವು ಪಡೆಯುವ ದೇಶಗಳ ಆದ್ಯತೆಯೇ ದಾರಿ ತೋರಬೇಕು ಅನ್ನುವ, ವಿದೇಶಿ ನೆರವಿನ ಬಗೆಗಿನ 2005ರ ಪ್ಯಾರಿಸ್ ಘೋಷಣೆಗೆ ದಾನಿ ದೇಶಗಳೇ ಸಹಿ ಹಾಕಿವೆ. ಅದನ್ನು ನೆನಪಿಸಿ, ಸ್ಥಳೀಯ ಆಡಳಿತದ ಪತ್ರವನ್ನೂ ಲಗತ್ತಿಸಿದೆ. ಉತ್ತರಕ್ಕೆ ತಿಂಗಳುಗಟ್ಟಲೆ ಕಾದೆವು. ಕೊನೆಗೆ ವಾಹನ ಬಾಡಿಗೆ, ಸಮಾರಂಭದ ಹಣ ಇತ್ತ ಬಂತು.

ಎರಡನೇ ವರ್ಷ ತರಬೇತಿ ಪಡೆದವರ ಸಂಖ್ಯೆ ಇಳಿಯಿತು. "ಯಾಕೆ?" ಅಂತ ಹಣ ಕೊಟ್ಟವರಿಂದ ಫೋನ್ ಬಂತು. ಅಂಗಡಿ ಇದ್ದವರು, ಇಲ್ಲದವರು ಅಂತ ಎರಡು ಕಾಲಮ್ ಮಾಡಿ ಎರಡೂ ವರ್ಷದ ಲೆಕ್ಕ ಕಳಿಸಿದೆ. ಮತ್ತೆ ಫೋನ್ ಬರಲಿಲ್ಲ.

ನೆರವು ಮುಗಿಯುವ ಹೊತ್ತಿಗೆ ತರಬೇತುದಾರರ ಸಂಬಳವನ್ನು ಸ್ಥಳೀಯ ಆಡಳಿತ ತನ್ನ ಬಜೆಟ್ಟಿಗೆ ಸೇರಿಸಿಕೊಂಡಿತು. ಮಕ್ಕಳನ್ನು ನೋಡಿಕೊಳ್ಳುವವರ ಸಂಬಳಕ್ಕೆ ಮಾತ್ರ ಒಪ್ಪಲಿಲ್ಲ. ಅವರ ಕಣ್ಣಿಗೆ ಅದು ದುಂದುವೆಚ್ಚ. ಪ್ರತಿ ವರ್ಷ ಅದೇ ಬೇಡಿಕೆ ಬರೆದು ಕೊಡುತ್ತೇನೆ, ಪ್ರತಿ ವರ್ಷ ಹೊಡೆದುಹಾಕುತ್ತಾರೆ.