ಕೇಪು ಸರಿಯಾಗಿ ಕೂರದಿದ್ದಾಗ: ಮನೆಯಲ್ಲಿ ತೋಟಾ ತುಂಬುವ ನನ್ನ ಅನುಭವ

ಮೂಡಿಗೆರೆ ಹತ್ತಿರದ ನಮ್ಮ ಮನೆಯಲ್ಲಿ ಅಜ್ಜನದೊಂದು ಕೇಪಿನ ಕೋವಿ ಇತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ಜಡಿದು, ಚರೆ ಹಾಕಿ, ಮೇಲೆ ಮತ್ತೆ ನಾರು ಜಡಿಯುತ್ತಿದ್ದರು. ಏಟು ಬಿದ್ದರೆ ಸಿಡಿದು ಮದ್ದಿಗೆ ಬೆಂಕಿ ಕೊಡುವ ಪುಟ್ಟ ಲೋಹದ ಬಟ್ಟಲೇ ಕೇಪು. ಅದನ್ನು ಇಡುತ್ತಿದ್ದದ್ದು ಕಟ್ಟಕಡೆಗೆ. ಈಗ ನಾನಿರುವುದು ಅಮೆರಿಕದ ಒಹಾಯೊದಲ್ಲಿ. ಗ್ರೀನ್ ಕಾರ್ಡ್ ಬಂದ ಮೇಲೆ ಶೂಟಿಂಗ್ ಕ್ಲಬ್ ಸೇರಿದೆ. ಒಂದೇ ಕೈಯಲ್ಲಿ ಪಿಸ್ತೂಲು ಹಿಡಿದು 25 ಮತ್ತು 50 ಗಜ ದೂರದ ಗುರಿಗೆ ಹೊಡೆಯುವ ಬುಲ್ಸ್‌ಐ ಸ್ಪರ್ಧೆ ನನ್ನ ಆಟ. ಈರಿ ಸರೋವರದ ದಡದಲ್ಲಿರುವ ಕ್ಯಾಂಪ್ ಪೆರ್ರಿಯಲ್ಲಿ 1907ರಿಂದ ರಾಷ್ಟ್ರಮಟ್ಟದ ಪಂದ್ಯಗಳು ನಡೆಯುತ್ತಿವೆ. ಅಲ್ಲಿ ನಿಲ್ಲಬೇಕು ಅಂದರೆ ಅಭ್ಯಾಸ ಜಾಸ್ತಿ ಬೇಕು. ಅಂಗಡಿಯ .45 (ಗುಂಡಿನ ದಪ್ಪ ಸುಮಾರು 0.45 ಇಂಚು) ತೋಟಾ ತಂದು ಪೂರೈಸುವುದು ಕಷ್ಟ. ಹಾಗಾಗಿ ಗ್ಯಾರೇಜಿನಲ್ಲಿ ಪ್ರೆಸ್, ಅಂದರೆ ತೋಟಾ ತುಂಬುವ ಯಂತ್ರ, ಹಾಕಿಕೊಂಡೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಸ್ವಂತ ಬಳಕೆಗೆ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಕಿಲ್ಲ, ಮಾರುವುದಕ್ಕೆ ಬೇಕು. ನಮ್ಮ ದೇಶದಲ್ಲಿ ಹಾಗಲ್ಲ. 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಊರಿನಲ್ಲಿ ಇದನ್ನು ಓದುವವರು ದಯವಿಟ್ಟು ಮನೆಯಲ್ಲಿ ಮಾಡಿ ನೋಡಬೇಡಿ.

ಕೆಲಸ ಹೀಗೆ. ಹೊಡೆದ ಹಿತ್ತಾಳೆ ಕೇಸನ್ನು (ತೋಟಾದ ಖಾಲಿ ಕೊಳವೆಯನ್ನು) ಡೈ ಅನ್ನುವ ಉಕ್ಕಿನ ಅಚ್ಚಿನೊಳಗೆ ತಳ್ಳಿ ಮೊದಲಿನ ಅಳತೆಗೆ ತರಬೇಕು. ಹಳೆ ಕೇಪು ಉದುರುತ್ತದೆ, ಹೊಸದು ಕೂರುತ್ತದೆ. ಆಮೇಲೆ ಬಾಯಿ ಸ್ವಲ್ಪ ಅಗಲ ಮಾಡಿ, ಮದ್ದು ಹಾಕಿ, ಗುಂಡು ಕೂರಿಸಿ, ಬಾಯಿ ಒತ್ತಬೇಕು. ಇಲ್ಲಿ ಪ್ರೈಮರ್ ಅನ್ನುವುದೇ ನಮ್ಮೂರ ಕೇಪು. ಅಜ್ಜನ ಕೋವಿಯಲ್ಲಿ ಕೊನೆಗೆ ಬರುತ್ತಿದ್ದದ್ದು ಇಲ್ಲಿ ಮದ್ದಿಗಿಂತ ಮೊದಲು ಬರುತ್ತದೆ. ನನಗೆ ಹೆಚ್ಚು ಕಾಟ ಕೊಟ್ಟದ್ದೂ ಅದೇ.

ಮೊದಲ ತಿಂಗಳಲ್ಲೇ ಶುರುವಾಯಿತು. ಟ್ರಿಗರ್ ಒತ್ತಿದರೆ 'ಟಕ್' ಅಂತ ಸದ್ದು ಅಷ್ಟೇ. ಗುರಿಯತ್ತಲೇ ನಳಿಗೆ ಹಿಡಿದು 30 ಸೆಕೆಂಡ್ ಕಾದು, ಹ್ಯಾಮರ್ ಎಳೆದು ಮತ್ತೆ ಹೊಡೆದರೆ ಸಿಡಿಯುತ್ತಿತ್ತು. ಪಿಸ್ತೂಲಿನ ಸ್ಪ್ರಿಂಗ್ ಸತ್ತಿದೆ ಅಂದುಕೊಂಡು ಹೊಸದು ಹಾಕಿದೆ. ಏನೂ ಬದಲಾಗಲಿಲ್ಲ. ಕ್ಲಬ್ಬಿನ ಹಿರಿಯರೊಬ್ಬರು ನನ್ನ ಡಬ್ಬಿಯಿಂದ ಹತ್ತು ತೋಟಾ ತೆಗೆದು ಗಾಜಿನ ಮೇಲೆ ನಿಲ್ಲಿಸಿದರು. ಮೂರು ಅಲುಗಾಡಿದವು. ಕೇಪು ಪೂರ್ತಿ ಒಳಗೆ ಹೋಗದೆ ಕೂದಲೆಳೆಯಷ್ಟು ಮೇಲೆದ್ದಿತ್ತು. ಮೊದಲ ಏಟು ಕೇಪನ್ನು ಒಳಗೆ ತಳ್ಳುವುದರಲ್ಲೇ ಮುಗಿಯುತ್ತಿತ್ತು. ಎರಡನೆಯ ಏಟಿಗೆ ಸಿಡಿಯುತ್ತಿತ್ತು. ಕೇಪು ಕೇಸಿನ ತಳಕ್ಕಿಂತ 0.002ರಿಂದ 0.005 ಇಂಚು ಒಳಗೆ ಇರಬೇಕು.

ಮನೆಗೆ ಬಂದು ಮೊದಲು ಮದ್ದು, ಕೇಪು ಎರಡನ್ನೂ ಪ್ರೆಸ್ಸಿನಿಂದ ಇಳಿಸಿದೆ. ಬಿಚ್ಚುವ ಮುಂಚೆ ಇದನ್ನು ಯಾವತ್ತೂ ಮರೆಯಬಾರದು. ಕೇಸುಗಳನ್ನು ಹಿಡಿದು ಒಂದೊಂದು ಹಂತಕ್ಕೆ ತಿರುಗಿಸುವ ಶೆಲ್ ಪ್ಲೇಟ್ ತೆಗೆದರೆ ಅದರ ಅಡಿಯಲ್ಲಿ ಹಳೆ ಕೇಪುಗಳ ಮಸಿ ಮರಳಿನ ಹಾಗೆ ಕೂತಿತ್ತು. ಪ್ಲೇಟಿನ ನಡುವಿನ ಬೋಲ್ಟ್ ಕೂಡ ಸಡಿಲಾಗಿತ್ತು. ಕೇಪು ತಳ್ಳುವಾಗ ಪ್ಲೇಟ್ ಓರೆಯಾಗಿ ಮೇಲೇಳುತ್ತಿತ್ತು, ಬಲವೆಲ್ಲ ಅಲ್ಲೇ ಹೋಗುತ್ತಿತ್ತು. ಬ್ರಷ್ಷಿನಲ್ಲಿ ಒರೆಸಿ, ಪ್ಲೇಟ್ ತಿರುಗುವಷ್ಟು ಮಾತ್ರ ಬಿಟ್ಟು ಬೋಲ್ಟ್ ಬಿಗಿ ಮಾಡಿದೆ. ಕಾಟ ನಿಂತಿತು. ಅಲುಗಾಡಿದ ತೋಟಾಗಳ ಕೇಪನ್ನು ಮತ್ತೆ ಒತ್ತಲು ಹೋಗಲಿಲ್ಲ. ಮದ್ದು ತುಂಬಿದ ತೋಟಾದಲ್ಲಿ ಅದು ತೀರಾ ಅಪಾಯ. ಗುಂಡು ಕಿತ್ತು, ಒಂದೊಂದನ್ನೇ ಬಿಚ್ಚಿದೆ.

ಇನ್ನೊಂದು ದಿನ ಕೇಪು ಕೂರಿಸುವಾಗ ಹಿಡಿ ಗಟ್ಟಿಯಾಯಿತು. ಜೋರಾಗಿ ತಳ್ಳಬೇಕು ಅನ್ನಿಸಿತು. ಕೈ ತಡೆದೆ, ಪುಣ್ಯ. .45 ಕೇಸುಗಳಲ್ಲಿ ಎರಡು ಜಾತಿ ಇದೆ. ಹೆಚ್ಚಿನವಕ್ಕೆ 0.210 ಇಂಚಿನ ದೊಡ್ಡ ಕೇಪು. ಕೆಲವಕ್ಕೆ 0.175 ಇಂಚಿನ ಸಣ್ಣದು. ರೇಂಜಿನಲ್ಲಿ ಹೆಕ್ಕಿ ತಂದ ರಾಶಿಯಲ್ಲಿ ಸಣ್ಣ ಕೇಪು ಕೂರುವ ಗುಳಿಯದೊಂದು ಸೇರಿಕೊಂಡಿತ್ತು. ಅದರೊಳಗೆ ದೊಡ್ಡ ಕೇಪು ತುರುಕಿದರೆ ಅದು ಜಜ್ಜಿಹೋಗುತ್ತದೆ, ಸಿಡಿದರೂ ಸಿಡಿಯಬಹುದು. ಪಕ್ಕದಲ್ಲೇ ಕೇಪಿನ ಕೊಳವೆ ತುಂಬಿರುತ್ತದೆ, ಅಲ್ವಾ? ಕಣ್ಣಿಗೆ ಕನ್ನಡಕ ಇಲ್ಲದೆ ನಾನು ಪ್ರೆಸ್ ಮುಟ್ಟುವುದಿಲ್ಲ. ಈಗ ಕೇಸುಗಳನ್ನು ತೊಳೆಯುವ ಮೊದಲು ಒಂದು ತಟ್ಟೆಯಲ್ಲಿ ಮಗುಚಿ ಹಾಕಿ, ಸಣ್ಣ ಗುಳಿಯವನ್ನು ಬೇರೆ ಮಾಡುತ್ತೇನೆ. ಬೇಜಾರಿನ ಕೆಲಸ, ಆದರೆ ಬಿಡುವಂತಿಲ್ಲ.

ಆಮೇಲೆ ತೋಟಾ ಛೇಂಬರಿನಲ್ಲಿ (ನಳಿಗೆಯ ಹಿಂದೆ ತೋಟಾ ಕೂರುವ ಜಾಗದಲ್ಲಿ) ಸಿಕ್ಕಿಕೊಳ್ಳುವ ಕಾಟ. ನಾನು ಬಳಸುವುದು 200 ಗ್ರೇನ್ (ಸುಮಾರು 13 ಗ್ರಾಂ) ತೂಕದ ಸೀಸದ ಗುಂಡು. ಬಾಯಿ ಒತ್ತುವ ಡೈ ಸಡಿಲಾಗಿದೆ ಅಂದುಕೊಂಡು ಬಿಗಿ ಮಾಡಿದೆ. ಇನ್ನೂ ಕೆಟ್ಟಿತು. ಒಂದು ತೋಟಾಕ್ಕೆ ಮಾರ್ಕರ್ ಪೆನ್ನಿನ ಮಸಿ ಬಳಿದೆ. ಪಿಸ್ತೂಲಿನಿಂದ ಬಿಚ್ಚಿದ ನಳಿಗೆಯೊಳಗೆ ಅದನ್ನು ಬಿಟ್ಟು, ತಿರುಗಿಸಿ ತೆಗೆದೆ. ಮಸಿ ಅಳಿಸಿದ್ದು ಕೇಸಿನ ಬಾಯಿಯ ಅಂಚಿನಲ್ಲಿ. ಅಲ್ಲಿ ಉಂಗುರದ ಹಾಗೆ ಸೀಸ ಹೆರೆದು ನಿಂತಿತ್ತು. ತಪ್ಪು ಒತ್ತುವ ಡೈಯ ಸಡಿಲದಲ್ಲಿರಲಿಲ್ಲ. ಅದಕ್ಕೂ ಮುಂಚೆ ಬಾಯಿ ಅಗಲ ಮಾಡುವ ಕಡೆ ಅಗಲ ಸಾಕಾಗಿರಲಿಲ್ಲ. ಜೊತೆಗೆ ಗುಂಡು ಇನ್ನೂ ಇಳಿಯುತ್ತಿರುವಾಗಲೇ ಅದನ್ನು ಕೂರಿಸುವ ಡೈಯೇ ಬಾಯಿಯನ್ನೂ ಒತ್ತುತ್ತಿತ್ತು. ಎರಡೂ ಕೆಲಸವನ್ನು ಬೇರೆ ಬೇರೆ ಡೈಗೆ ಕೊಟ್ಟೆ. ಬಾಯಿಯ ಅಳತೆ 0.470 ಇಂಚಿಗೆ ನಿಲ್ಲಿಸಿದೆ. ಈಗ ತೋಟಾ ನಳಿಗೆಯೊಳಗೆ 'ಟಣ್' ಅಂತ ಬಿದ್ದು, ತಲೆಕೆಳಗೆ ಮಾಡಿದರೆ ತಾನಾಗಿ ಜಾರಿ ಬರುತ್ತದೆ.

ಚಳಿಗಾಲದಲ್ಲಿ ಮದ್ದು ತೂಗುವ ತಕ್ಕಡಿಯ ಪಾಡು ಬೇರೆ. ಹೀಟರ್ ಹಾಕಿದರೆ ಗಾಳಿ ಒಣಗಿ, ಮದ್ದಿನ ಕಾಳು ಪ್ಲಾಸ್ಟಿಕ್ ಲಾಳಿಕೆಗೆ ಅಂಟಿಕೊಳ್ಳುತ್ತದೆ. ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕುವ ಹಾಳೆಯಿಂದ ಒರೆಸಿದರೆ ಅದು ಕಡಿಮೆಯಾಗುತ್ತದೆ. ಹೀಟರಿನ ಗಾಳಿ ತಾಗಿದರೆ ಡಿಜಿಟಲ್ ತಕ್ಕಡಿಯ ಅಂಕಿ ತಾನಾಗಿ ಓಡುತ್ತದೆ. ಗ್ರೇನಿನ ಹತ್ತನೇ ಒಂದು ಭಾಗ ಅಂದರೆ ಸುಮಾರು 6.5 ಮಿಲಿಗ್ರಾಂ. ಅಷ್ಟು ಸಣ್ಣ ತೂಕಕ್ಕೆ ಗಾಳಿಯ ಒಂದು ಬೀಸು ಸಾಕು. ಪ್ರತಿ ಸಲ ಅಳತೆಯ ಕಲ್ಲು ಇಟ್ಟು ತಕ್ಕಡಿ ಪರೀಕ್ಷಿಸಿಯೇ ಶುರು ಮಾಡುತ್ತೇನೆ. ಮದ್ದಿನ ಪ್ರಮಾಣಕ್ಕೆ ತಯಾರಕರ ಪುಸ್ತಕ ಒಂದನ್ನೇ ನಂಬುತ್ತೇನೆ. ಯಾರ ಬಾಯಿಮಾತೂ ಬೇಡ, ನನ್ನದೂ ಬೇಡ.

ನನ್ನ ಎದೆ ನಡುಗಿಸಿದ್ದು ಬೇರೊಂದು ದಿನ. ರೇಂಜಿನಲ್ಲಿ ಒಂದು ಏಟು 'ಟುಸ್' ಅಂದಿತು. ಕೈಗೆ ಒದೆತವೇ ಇಲ್ಲ. ಅಲ್ಲೇ ನಿಲ್ಲಿಸಿ, ಪಿಸ್ತೂಲು ಖಾಲಿ ಮಾಡಿ ಬಿಚ್ಚಿದೆ. ಗುಂಡು ನಳಿಗೆಯ ಮಧ್ಯೆ ನಿಂತಿತ್ತು. ಹಿಂದೆಯೇ ಇನ್ನೊಂದು ಹೊಡೆದಿದ್ದರೆ ನಳಿಗೆ ಒಡೆಯಬಹುದಿತ್ತು. ಆ ತೋಟಾದಲ್ಲಿ ಕೇಪು ಮಾತ್ರ ಇತ್ತು, ಮದ್ದು ಇರಲಿಲ್ಲ. ಯಾಕೆ ಅಂತ ರಾತ್ರಿಯೆಲ್ಲ ಯೋಚಿಸಿದೆ. ಆಮೇಲೆ ನೆನಪಾಯಿತು. ಹಿಂದಿನ ವಾರ ಕೇಪು ಸಿಕ್ಕಿಕೊಂಡು ಪ್ರೆಸ್ ನಿಂತಿತ್ತು. ಅದನ್ನು ಬಿಡಿಸಲು ಒಂದು ಕೇಸ್ ತೆಗೆದು, ಮತ್ತೆ ಒಂದು ಹೆಜ್ಜೆ ಮುಂದಿನ ಜಾಗದಲ್ಲಿ, ಅಂದರೆ ಮದ್ದು ಬೀಳುವ ಜಾಗ ದಾಟಿಸಿ, ಇಟ್ಟುಬಿಟ್ಟಿದ್ದೆ. ಒಂದು ತೊಂದರೆ ಸರಿ ಮಾಡುವ ಗಡಿಬಿಡಿಯಲ್ಲಿ ಅದಕ್ಕಿಂತ ದೊಡ್ಡದನ್ನು ತಂದುಕೊಂಡಿದ್ದೆ. ಇದರ ಉಲ್ಟಾ ಆಗಿ, ಎರಡು ಸಲ ಮದ್ದು ಬಿದ್ದಿದ್ದರೆ ಇನ್ನೂ ಭಯಂಕರ. .45 ಕೇಸಿನ ಹೊಟ್ಟೆ ದೊಡ್ಡದು. ಪಿಸ್ತೂಲಿನ ಬೇಗ ಉರಿಯುವ ಮದ್ದು ಎರಡು ಪಟ್ಟು ಬಿದ್ದರೂ ಹೊರಗೆ ಚೆಲ್ಲದೆ ಒಳಗೇ ಹಿಡಿಯಬಹುದು.

ಈಗ ಪ್ರೆಸ್ ಯಾವ ಕಾರಣಕ್ಕೆ ನಿಂತರೂ ಮೊದಲು ಪ್ಲೇಟಿನ ಮೇಲಿರುವ ಕೇಸುಗಳನ್ನೆಲ್ಲ ಇಳಿಸುತ್ತೇನೆ. ಅವುಗಳ ಮದ್ದನ್ನು ಡಬ್ಬಿಗೆ ವಾಪಸ್ ಸುರಿಯುತ್ತೇನೆ. ಮೇಜಿನ ಮೇಲೆ ಒಂದೇ ಜಾತಿಯ ಮದ್ದಿನ ಡಬ್ಬಿ ಇರುತ್ತದೆ, ಹಾಗಾಗಿ ಬೆರಕೆಯಾಗುವ ಭಯವಿಲ್ಲ. ಆಮೇಲೆ ತೊಂದರೆ ಹುಡುಕುತ್ತೇನೆ. ಸರಿಯಾದ ಮೇಲೆ ಖಾಲಿ ಪ್ಲೇಟಿನಿಂದಲೇ ಮತ್ತೆ ಶುರು. ಗುಂಡು ಇಡುವ ಜಾಗದ ಮೇಲೆ ಸಣ್ಣ ಎಲ್‌ಇಡಿ ದೀಪ ಅಂಟಿಸಿದ್ದೇನೆ. ಪ್ರತಿ ಕೇಸಿನೊಳಗೆ ಇಣುಕಿ, ಮದ್ದು ಕಂಡ ಮೇಲೆಯೇ ಗುಂಡು ಇಡುತ್ತೇನೆ. ಗಂಟೆಗೆ ಮುಂಚಿನ ಅರ್ಧದಷ್ಟೇ ತೋಟಾ ಆಗುತ್ತದೆ, ನನಗೆ ಅಷ್ಟು ಸಾಕು.