ಮದ್ದೂರಿನ ಜ್ವರ ಕೆ.ಆರ್. ಪೇಟೆ ತಲುಪುವ ಮೊದಲು: ನನ್ನ ಅನುಭವ

ಮಳೆಗಾಲದ ಫ್ಲೂ ಮಂಡ್ಯ ಜಿಲ್ಲೆಯ ಯಾವ ತಾಲ್ಲೂಕಿಗೆ ಯಾವ ವಾರ ಬರುತ್ತದೆ ಎಂಬುದನ್ನು ಕ್ಲಿನಿಕ್‌ನ ಒಪಿಡಿ (ಹೊರರೋಗಿಗಳ) ಪುಸ್ತಕದ ಲೆಕ್ಕದಿಂದಲೇ ಮುಂಚಿತವಾಗಿ ಹೇಳಬಹುದು ಎಂದು ನಾನು ನಾಲ್ಕೈದು ವರ್ಷಗಳಿಂದ ವಾದಿಸುತ್ತ ಬಂದಿದ್ದೆ. "ಪಿಸಿಆರ್ ಮಾಡಿಸದೆ ವೈರಸ್ಸಿನ ವಿಷಯ ಹೇಗೆ ಮಾತಾಡ್ತೀರಿ ಡಾಕ್ಟ್ರೇ" ಎಂದು ಹಿರಿಯ ವೈದ್ಯರೇ ಕೇಳಿದ್ದುಂಟು (ಪಿಸಿಆರ್ ಎಂದರೆ ಮೂಗು-ಗಂಟಲಿನಿಂದ ತೆಗೆದ ಸ್ವ್ಯಾಬ್‌ನಲ್ಲಿ ವೈರಸ್ ಪತ್ತೆಹಚ್ಚುವ ಪ್ರಯೋಗಾಲಯದ ಪರೀಕ್ಷೆ). ಕಳೆದ ವರ್ಷ ಕೆ.ಆರ್. ಪೇಟೆಯ ಮಿತ್ರರಿಗೆ ಸುಮಾರು ಎರಡು ವಾರ ಮೊದಲೇ ತಿಳಿಸಿದೆ; ಅವರು ಫ್ಲೂ ಔಷಧವಾದ ಓಸೆಲ್ಟಾಮಿವಿರ್ ತರಿಸಿಟ್ಟುಕೊಂಡರು, ಜ್ವರ ಹೇಳಿದ ವಾರಕ್ಕೇ ಬಂತು. ಆ ಔಷಧವನ್ನು ಜ್ವರ ಶುರುವಾದ 48 ಗಂಟೆಗಳೊಳಗೆ ಕೊಟ್ಟರೆ ಹೆಚ್ಚು ಪ್ರಯೋಜನ. ಮಾತ್ರೆ ಮೈಸೂರಿನಿಂದ ಬರುವವರೆಗೆ ಕಾಯುವ ಊರಿನಲ್ಲಿ ಆ ಎರಡು ವಾರದ ಬೆಲೆ ದೊಡ್ಡದು.

ಮೊದಲ ಪ್ರಯತ್ನವಾಗಿ ಔಷಧದ ಅಂಗಡಿಗಳಿಂದ ಕೆಮ್ಮಿನ ಸಿರಪ್ ಮಾರಾಟದ ಲೆಕ್ಕ ತರಿಸಿದೆ. ಅದು ಕೈಕೊಟ್ಟಿತು, ಭತ್ತದ ಒಕ್ಕಣೆಯ ದೂಳು, ಆಲೆಮನೆಯ ಹೊಗೆ ಏಳುವ ಡಿಸೆಂಬರ್-ಜನವರಿಯಲ್ಲಿ ಜ್ವರವೇ ಇಲ್ಲದವರೂ ಸಿರಪ್ ಒಯ್ಯುತ್ತಾರೆ. ಬಳಿಕ ಹಲವು ವೈರಸ್‌ಗಳನ್ನು ಒಟ್ಟಿಗೆ ನೋಡುವ ಪಿಸಿಆರ್ ಪ್ಯಾನೆಲ್‌ಗೆ ಸ್ವ್ಯಾಬ್ ಕಳುಹಿಸಿದೆ. ಒಂದಕ್ಕೆ ಐದಾರು ಸಾವಿರ ರೂಪಾಯಿ. ಆ ಹೊರೆಯನ್ನು ರೋಗಿಗಳ ಮೇಲೆ ಹಾಕಲು ಮನಸ್ಸಾಗದೆ ಕೈಯಿಂದಲೇ ಕೊಟ್ಟೆ. ಒಂದೇ ಮಳೆಗಾಲದಲ್ಲಿ ನಲವತ್ತು ಸಾವಿರದ ಹತ್ತಿರ ಹೋಯಿತು, ಬಂದದ್ದು ಏಳೆಂಟು ವರದಿ. ಅಷ್ಟರಿಂದ ಒಂದು ತಾಲ್ಲೂಕಿನ ಸ್ಥಿತಿಯೂ ತಿಳಿಯದು. ಜ್ವರ-ಕೆಮ್ಮಿನವರ ತಲೆ ಎಣಿಸುವುದೂ ಫಲಿಸಲಿಲ್ಲ, ಏಕೆಂದರೆ ಸಂತೆಯ ದಿನ ಒಪಿಡಿ ತುಂಬುತ್ತದೆ, ಗೌರಿ-ಗಣೇಶದ ವಾರ ಖಾಲಿಯಿರುತ್ತದೆ.

ಕೊನೆಗೆ ಗಟ್ಟಿಯಾಗಿ ನಿಂತದ್ದು ಅನುಪಾತದ ಲೆಕ್ಕ. ಆ ವಾರದ ಹೊಸ ರೋಗಿಗಳಲ್ಲಿ ನೂರಕ್ಕೆ ಎಷ್ಟು ಮಂದಿಗೆ ಹತ್ತು ದಿನದೊಳಗೆ ಶುರುವಾದ, 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಜ್ವರವೂ ಕೆಮ್ಮೂ ಇವೆ ಎಂಬುದಷ್ಟೇ ಬೇಕು. ಕಾಂಪೌಂಡರ್ ಪುಸ್ತಕದ ಅಂಚಿನಲ್ಲಿ ಕೆಂಪು ಪೆನ್ನಿನಿಂದ 'ಜ್ವ-ಕೆ' ಎಂದು ಬರೆದು, ಪಕ್ಕದಲ್ಲಿ ಊರಿನ ಹೆಸರು ಹಾಕಿ, ಮನೆಯಲ್ಲಿ ಬೆಂಗಳೂರಿಗೆ ದಿನವೂ ಓಡಾಡುವವರಿದ್ದರೆ ಒಂದು ಚುಕ್ಕೆ ಇಡುತ್ತಾನೆ. ಭಾನುವಾರ ರಾತ್ರಿ ಎಂಟೊಂಬತ್ತು ಕ್ಲಿನಿಕ್‌ಗಳಿಂದ ಎರಡೆರಡು ಅಂಕಿ, ಅಂದರೆ ಹೊಸ ರೋಗಿಗಳೆಷ್ಟು, ಅವರಲ್ಲಿ 'ಜ್ವ-ಕೆ' ಎಷ್ಟು ಎಂಬುದು, ವಾಟ್ಸ್‌ಆ್ಯಪ್‌ನಲ್ಲಿ ಬರುತ್ತವೆ. ಪ್ರತಿ ಕ್ಲಿನಿಕ್ಕನ್ನೂ ಅದರದೇ ಏಪ್ರಿಲ್-ಮೇ ಮಟ್ಟದೊಂದಿಗೆ ಮಾತ್ರ ಹೋಲಿಸಬೇಕು. ನನ್ನಲ್ಲಿ ಅದು ನೂರಕ್ಕೆ ಆರೇಳು, ಸತತ ಎರಡು ವಾರ ಹದಿನಾಲ್ಕು-ಹದಿನೈದು ದಾಟಿದರೆ ಬಂತೆಂದೇ ಲೆಕ್ಕ. ಮಕ್ಕಳ ಕ್ಲಿನಿಕ್‌ಗೆ ಈ ಗೆರೆಯನ್ನು ಎಲ್ಲಿ ಎಳೆಯುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದು ಕೈವಶವಾಗಲು ವರ್ಷಗಳೇ ಹಿಡಿದಿವೆ.

ಏರಿಕೆ ಮೊದಲು ಕಾಣುವುದು ಮದ್ದೂರಿನಲ್ಲಿ, ಆ ಚುಕ್ಕೆಯಿಟ್ಟ ಮನೆಗಳಲ್ಲಿ. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವವರು ಅಲ್ಲಿ ಬಹಳ. ವಾರದೊಳಗೆ ಮಂಡ್ಯ, ಅದರ ಬೆನ್ನಿಗೇ ಶ್ರೀರಂಗಪಟ್ಟಣ, ಪಾಂಡವಪುರ. ಕೆ.ಆರ್. ಪೇಟೆಗೆ ಇನ್ನೂ ಹತ್ತು-ಹದಿನೈದು ದಿನ ಬೇಕು. ನಾಗಮಂಗಲ ಮಾತ್ರ ಲೆಕ್ಕಕ್ಕೆ ಸಿಗುವುದಿಲ್ಲ; ಬೆಳ್ಳೂರು ಕ್ರಾಸ್‌ನಲ್ಲಿ ಬೆಂಗಳೂರು, ಹಾಸನ ಎರಡೂ ಕಡೆಯ ಜನ ಬಂದು ಹೋಗುವುದೇ ಕಾರಣವೆಂದು ನನ್ನ ಎಣಿಕೆ.

ಮಳೆಯನ್ನೇ ನಂಬಿದರೆ ಲೆಕ್ಕ ತಪ್ಪುತ್ತದೆ. ನಮ್ಮಲ್ಲಿ ಜೋರು ಮಳೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಫ್ಲೂ ಏರುವುದು ಶಾಲೆ ತೆರೆದು, ಮೋಡ ಕವಿದು, ಜನ ಕಿಟಕಿ ಮುಚ್ಚಿಕೊಳ್ಳುವ ಜುಲೈ ಹೊತ್ತಿಗೆ. ಸಾವಿರ ರೂಪಾಯಿಯ ತೇವಾಂಶ ಮಾಪಕವೊಂದನ್ನು ಕ್ಲಿನಿಕ್‌ನಲ್ಲಿ ತೂಗುಹಾಕಿ ದಿನವೂ ಬರೆದಿಟ್ಟೆ. ಮುಂಗಾರಿಗೆ ಅದು ಸ್ವಲ್ಪ ಹೊಂದಿಕೆಯಾಯಿತು, ಜನವರಿ-ಮಾರ್ಚ್ ನಡುವಿನ ಎರಡನೆಯ, ಸಣ್ಣ ಏರಿಕೆಗೆ ಉಪಯೋಗವಾಗಲಿಲ್ಲ.

ಏರಿಕೆ ಕಂಡ ವಾರ ಮಾತ್ರ ನಾಲ್ಕೈದು ಜನರಿಗೆ ಕ್ಲಿನಿಕ್‌ನಲ್ಲೇ ಫ್ಲೂ ಪರೀಕ್ಷಿಸುವ ರ‍್ಯಾಪಿಡ್ ಕಿಟ್ ಬಳಸುತ್ತೇನೆ. ಅದು ನಿಜವಾದ ಹತ್ತು ಫ್ಲೂಗಳಲ್ಲಿ ಮೂರ್ನಾಲ್ಕನ್ನು ಬಿಟ್ಟುಬಿಡುತ್ತದೆ, ಆದರೆ ಪಾಸಿಟಿವ್ ಬಂದರೆ ನಂಬಬಹುದು. ಈಗ ಎಲ್ಲ ಸೇರಿ ಖರ್ಚು ವರ್ಷಕ್ಕೆ ಆರೇಳು ಸಾವಿರ.

ಲಸಿಕೆಯ ವೇಳೆಯನ್ನೂ ಈ ಲೆಕ್ಕವೇ ಬದಲಿಸಿತು. ಶ್ರೀನಗರದ ಫ್ಲೂ ಚಳಿಗಾಲದ್ದು, ಅಲ್ಲಿಗೆ ಅಕ್ಟೋಬರ್ ಸರಿ. ನಮ್ಮಲ್ಲಿ ಅಷ್ಟು ಹೊತ್ತಿಗೆ ದೊಡ್ಡ ಏರಿಕೆ ಮುಗಿದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಸೆಪ್ಟೆಂಬರ್‌ನಲ್ಲಿ ಮುಂದಿನ ವರ್ಷಕ್ಕೆಂದು ಶಿಫಾರಸು ಮಾಡುವ ದಕ್ಷಿಣಾರ್ಧಗೋಳದ ಲಸಿಕೆಯನ್ನೇ ಸಕ್ಕರೆ ಕಾಯಿಲೆಯವರಿಗೆ, ಗರ್ಭಿಣಿಯರಿಗೆ, ವಯಸ್ಸಾದವರಿಗೆ ಮೇ ಮುಗಿಯುವುದರೊಳಗೆ ಹಾಕುತ್ತೇನೆ.

ಈಗ ಒಂದು ವರ್ಷದೊಳಗಿನ ಕೂಸುಗಳ ಉಬ್ಬಸವನ್ನು ಬೇರೆ ಎಣಿಸುತ್ತಿದ್ದೇನೆ. ಇದರಲ್ಲಿ ಹೆಚ್ಚಿನದು ಕೂಸುಗಳ ಶ್ವಾಸಕೋಶಕ್ಕೆ ತಗಲುವ ಆರ್‌ಎಸ್‌ವಿ ಎಂಬ ಬೇರೆ ವೈರಸ್ ಇರಬೇಕು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಏರುತ್ತದೆ, ಆದರೆ ಮದ್ದೂರಿನಿಂದ ಹೊರಡದೆ ಎಲ್ಲ ಕಡೆ ಒಟ್ಟಿಗೇ ಕಾಣುತ್ತದೆ. ಮೈಸೂರಿನ ಕಡೆಯ ನಂಜನಗೂಡು, ತಿ. ನರಸೀಪುರಗಳಲ್ಲಿ ಇಬ್ಬರು ಮಕ್ಕಳ ವೈದ್ಯರು ಇದೇ ರೀತಿ ಪುಸ್ತಕ ಇಡಲು ಒಪ್ಪಿದರೆ ಈ ಆಗಸ್ಟ್‌ನಿಂದಲೇ ಆರಂಭಿಸಬಹುದು.