ಪ್ರೊಪೆಲ್ಲರ್ ಬದಲಿಸಿದೆ, ವಿಮಾನ ಸರಿಹೋಯ್ತು

ನನ್ನ ಮಾಡೆಲ್ ವಿಮಾನಕ್ಕೆ 10×5 ಪ್ರೊಪೆಲ್ಲರ್ ಇತ್ತು, ಅಂದರೆ 10 ಇಂಚು ವ್ಯಾಸ, 5 ಇಂಚು ಪಿಚ್. ಚೆನ್ನಾಗಿ ಮೇಲೇರುತ್ತಿತ್ತು, ಆದರೆ ನೇರ ಹಾರಾಟದಲ್ಲಿ ವೇಗವೇ ಬರುತ್ತಿರಲಿಲ್ಲ. ಥ್ರಾಟಲ್ ಪೂರ್ತಿ ಕೊಟ್ಟರೂ ಸುಮ್ನೆ ಸದ್ದು ಜಾಸ್ತಿ.

ಲೆಕ್ಕ ಹಾಕಿದಾಗ ಗೊತ್ತಾಯಿತು. 5 ಇಂಚು ಪಿಚ್ ಅಂದರೆ, ಗಾಳಿಯಲ್ಲಿ ಜಾರದೇ ಹೋದರೆ ಒಂದು ಸುತ್ತಿಗೆ 12.7 ಸೆಂ.ಮೀ. ಮುಂದೆ. ನಿಮಿಷಕ್ಕೆ 9000 ಸುತ್ತು ತಿರುಗಿದರೂ ಗಂಟೆಗೆ ಸುಮಾರು 69 ಕಿ.ಮೀ. ವಿಮಾನ ಆ ವೇಗದ ಹತ್ತಿರ ಹೋದಂತೆ ಪ್ರೊಪೆಲ್ಲರ್ ಮುಂದಕ್ಕೆ ಎಳೆಯುವ ಬಲ ಕರಗುತ್ತದೆ.

9×7.5 ಹಾಕಿದೆ. ವೇಗ ಬಂತು, ಏರುವುದು ಕೆಟ್ಟಿತು. ನಿಧಾನ ವೇಗದಲ್ಲಿ ಆ ಕಡಿದಾದ ಅಲಗು ಗಾಳಿಯನ್ನು ಕಚ್ಚುವುದಿಲ್ಲ, ಕಲಕುತ್ತದೆ. ಇಳಿಸಿದ ಮೇಲೆ ತಮ್ಮ ಮೋಟರ್ ಮುಟ್ಟಿ, "ಅಣ್ಣಾ, ಕೈ ಸುಡಾಕತ್ತೈತಿ" ಅಂದ. ರಾಯಚೂರಿನ ಮೇ ಬಿಸಿಲು ಬೇರೆ!

ಆಮೇಲೆ ಅಂದಾಜು ಬಿಟ್ಟು ಅಳೆದೆ. ಹತ್ತಿ ಕಟ್ಟಿಗೆ ಕಿತ್ತ ಎರೆ ಹೊಲ, ಗಾಳಿ ಏಳುವ ಮೊದಲು, ಬೆಳಿಗ್ಗೆ 6ಕ್ಕೆ. ಪ್ರತಿ ಸಲ ಪೂರ್ತಿ ಚಾರ್ಜ್ ಆದ ಬ್ಯಾಟರಿ. 20ರಿಂದ 80 ಮೀಟರ್ ಎತ್ತರಕ್ಕೆ ಎಷ್ಟು ಸೆಕೆಂಡು ಅಂತ ತಮ್ಮ ಬರೆದುಕೊಂಡ. ಜಿಪಿಎಸ್ ವೇಗವನ್ನು ಹೋಗುವಾಗ, ಬರುವಾಗ ಎರಡೂ ಸಲ ನೋಡಿ ಸರಾಸರಿ ತೆಗೆದೆ. ಒಂದೇ ಕಡೆ ಅಳೆದರೆ ಗಾಳಿ ಮೋಸ ಮಾಡುತ್ತದೆ, ಅಲ್ವಾ?

ಕೊನೆಗೆ 9×6 ಗೆದ್ದಿತು. ಏರುವುದರಲ್ಲಿ 10×5ಗಿಂತ ತುಸು ಹಿಂದೆ, ವೇಗದಲ್ಲಿ ಮುಂದೆ. ಮೋಟರ್ ಬೆಚ್ಚಗಿರುತ್ತದೆ ಅಷ್ಟೇ. ಈಗ ಅದನ್ನೇ ಹಾಕಿ ಹಾರಿಸುತ್ತಿದ್ದೇನೆ.